ಸ್ನಾನಗೃಹದ ಕತ್ತಲಲ್ಲಿ ಒಣಗುವ ಶೌಚಧರ್ಮ

ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚದ ದಿನ. ಮುಂಬಯಿಯ ಉಪನಗರವೊಂದರ ಬಸದಿಯಲ್ಲಿ ಪ್ರವಚನ ನಡೆದಿದೆ. ಶೌಚವೆಂದರೆ ಮೈ ತೊಳೆಯುವುದಲ್ಲ, ಮನಸ್ಸಿಗೆ ಅಂಟಿದ ಲೋಭವನ್ನು ತೊಳೆಯುವುದು ಎಂದು ಪಂಡಿತರು ವಿವರಿಸುತ್ತಾರೆ, ಶ್ರಾವಕರು ತಲೆದೂಗುತ್ತಾರೆ. ಅದೇ ಹೊತ್ತಿಗೆ, ಹಾಗೆ ತಲೆದೂಗುತ್ತಿರುವ ಶ್ರಾವಕರೊಬ್ಬರ ಮನೆಯಲ್ಲಿ ಹದಿಮೂರು ವರ್ಷದ ಮಗಳು ಒಗೆದ ಒಳಉಡುಪೊಂದನ್ನು ಸ್ನಾನಗೃಹದ ಬಾಗಿಲಿನ ಹಿಂದಿನ ಮೊಳೆಗೆ ಸಿಕ್ಕಿಸಿ, ಅದರ ಮೇಲೆ ಟವೆಲೊಂದನ್ನು ಹೊದಿಸುತ್ತಿದ್ದಾಳೆ. ಅದು ಮುಟ್ಟಿನ ದಿನಗಳಲ್ಲಿ ಧರಿಸುವ, ಒಗೆದು ಮತ್ತೆ ಬಳಸುವ ಒಳಉಡುಪು. ಅಂಗಡಿಯವರು ಅದನ್ನು ಪೀರಿಯಡ್ ಪ್ಯಾಂಟಿ ಎನ್ನುತ್ತಾರೆ. ತಾಯಿ ಅದನ್ನು ಆನ್‌ಲೈನಿನಲ್ಲಿ ತರಿಸಿಕೊಟ್ಟಿದ್ದಾಳೆ. ಜೊತೆಗೆ ಮೂರು ಆಜ್ಞೆಗಳನ್ನೂ ಕೊಟ್ಟಿದ್ದಾಳೆ: ಅಪ್ಪನ ಕಣ್ಣಿಗೆ ಬೀಳಬಾರದು, ಅಜ್ಜಿಗೆ ತಿಳಿಯಬಾರದು, ಗ್ಯಾಲರಿಯಲ್ಲಿ ಹಾಕಬಾರದು.

ಈ ಮನೆಗೆ ಹೆಸರು ಬೇಕಾಗಿಲ್ಲ. ಇಂಥ ಮನೆ ಒಂದೇ ಅಲ್ಲ, ಒಂದೇ ಊರಿನದೂ ಅಲ್ಲ. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳು ಎರಡು ತಲೆಮಾರುಗಳಲ್ಲಿ ಬಹಳ ದೂರ ಬಂದಿವೆ. ಊರಿನ ಮನೆಯ ಹಿತ್ತಿಲಿನ ಜಗಲಿಯಲ್ಲಿ ಮೂರು ದಿನ ಹೊರಗೆ ಕೂತ ಅಜ್ಜಿಯ ಮೊಮ್ಮಗಳು ಇಂದು ಇಂಗ್ಲಿಷ್ ಶಾಲೆಯಲ್ಲಿ ಜೀವಶಾಸ್ತ್ರ ಓದುತ್ತಾಳೆ. ಆದರೆ ಹಿತ್ತಿಲಿಲ್ಲದ ಮನೆಗೆ ಹಿತ್ತಿಲಿನ ನಾಚಿಕೆಯನ್ನು ಮಾತ್ರ ತಪ್ಪದೆ ಹೊತ್ತು ತರಲಾಗಿದೆ. ಊರಿನಲ್ಲಿ ಆ ನಾಚಿಕೆಗೆ ಒಂದು ಜಾಗವಾದರೂ ಇತ್ತು. ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ಅದಕ್ಕೆ ಉಳಿದಿರುವುದು ಸ್ನಾನಗೃಹದ ಬಾಗಿಲಿನ ಹಿಂಬದಿ.

ಇಲ್ಲಿ ಹೇಳಬೇಕಾದುದು ಇಷ್ಟೇ: ಒಗೆದು ಬಳಸುವ ವಸ್ತುವನ್ನು ಬಚ್ಚಿಟ್ಟು ಬಳಸಲಾಗದು. ಎಸೆಯುವ ಪ್ಯಾಡನ್ನು ಮರೆಯಲ್ಲಿ ಕೊಂಡು, ಮರೆಯಲ್ಲಿ ಧರಿಸಿ, ಮರೆಯಲ್ಲಿ ಎಸೆಯಬಹುದು; ಮನೆ ಬದಲಾಗದೆಯೇ ಅದು ನಡೆದುಹೋಗುತ್ತದೆ. ಈ ಒಳಉಡುಪು ಹಾಗಲ್ಲ. ಅದು ನೀರನ್ನು, ಗಾಳಿಯನ್ನು, ಬಿಸಿಲನ್ನು ಕೇಳುತ್ತದೆ. ಆದ್ದರಿಂದ ಮಗಳಿಗೆ ಅದನ್ನು ಕೊಡಿಸುವ ಮನೆ ತನ್ನ ಸಂಕೋಚವನ್ನೂ ಅದರೊಂದಿಗೇ ತೊಳೆಯಬೇಕು. ಇಲ್ಲವಾದರೆ ಅದನ್ನು ಕೊಡಿಸಬಾರದು.

ಮೊದಲು ಆ ವಸ್ತುವಿನ ವಿಚಾರ. ಹೊರನೋಟಕ್ಕೆ ಅದು ಸಾಮಾನ್ಯ ಒಳಚಡ್ಡಿಯೇ. ನಡುಭಾಗದಲ್ಲಿ ಮಾತ್ರ ಕೆಲವು ಪದರಗಳನ್ನು ಸೇರಿಸಿ ಹೊಲಿದಿರುತ್ತಾರೆ. ಮೈಗೆ ತಾಗುವ ಪದರ ತೇವವನ್ನು ಒಳಕ್ಕೆ ಎಳೆಯುತ್ತದೆ, ನಡುವಿನ ಪದರ ಅದನ್ನು ಹೀರಿಕೊಳ್ಳುತ್ತದೆ, ಹೊರಗಿನ ತೆಳುವಾದ ಪೊರೆ ಸೋರದಂತೆ ತಡೆಯುತ್ತದೆ. ಒಂದು ಮುಟ್ಟಿನ ಅವಧಿಯಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರು, ಎಂದರೆ ಎರಡು ಮೂರು ದೊಡ್ಡ ಚಮಚದಷ್ಟು. ಭಯದಲ್ಲಿ ಹುಡುಗಿಗೆ ಅದು ಹೊಳೆಯಂತೆ ತೋರುತ್ತದೆ. ಈ ಒಂದು ಅಳತೆಯನ್ನು ತಾಯಿ ಮೊದಲೇ ಹೇಳಿಕೊಟ್ಟರೆ ಅರ್ಧ ಹೆದರಿಕೆ ಅಲ್ಲಿಯೇ ಇಳಿಯುತ್ತದೆ.

ಮುಟ್ಟು ಆರಂಭವಾದ ಮೊದಲ ಒಂದೆರಡು ವರ್ಷ ದಿನಗಳ ಲೆಕ್ಕ ಸರಿಯಾಗಿರುವುದಿಲ್ಲ. ಒಮ್ಮೆ ಇಪ್ಪತ್ತೈದು ದಿನಕ್ಕೆ, ಒಮ್ಮೆ ನಲವತ್ತು ದಿನಕ್ಕೆ ಬರಬಹುದು. ಶಾಲೆಯ ಬೆಂಚಿನಿಂದ ಏಳುವಾಗ ಹಿಂದೆ ತಿರುಗಿ ನೋಡಿಕೊಳ್ಳುವ ಅಭ್ಯಾಸ ಹುಡುಗಿಯರಿಗೆ ಬರುವುದು ಈ ವಯಸ್ಸಿನಲ್ಲಿಯೇ. ಬರಬಹುದೆಂಬ ಅನುಮಾನವಿರುವ ದಿನ ಈ ಒಳಉಡುಪನ್ನು ಮುಂಚಿತವಾಗಿಯೇ ಧರಿಸಿ ಹೋಗಬಹುದು. ಆಟದಲ್ಲಿ ಅದು ಸರಿಯುವುದಿಲ್ಲ, ರಾತ್ರಿ ಹೊರಳಿದರೂ ಜರುಗುವುದಿಲ್ಲ. ಹದಿಹರೆಯದವರಿಗೆ ಇದರ ನಿಜವಾದ ಉಪಕಾರವೆಂದರೆ ಈ ನಿಶ್ಚಿಂತೆ.

ಆದರೆ ಪೊಟ್ಟಣವನ್ನು ಕೈಗಿತ್ತು ಕರ್ತವ್ಯ ಮುಗಿಯಿತೆನ್ನುವಂತಿಲ್ಲ. ಸೊಂಟ ಮತ್ತು ತೊಡೆಯ ಅಳತೆ ತೆಗೆದುಕೊಂಡು ತರಿಸಬೇಕು. ತೊಡೆಯ ಅಂಚು ಸಡಿಲವಾದರೆ ಸೋರುತ್ತದೆ, ಬಿಗಿಯಾದರೆ ಉಜ್ಜುತ್ತದೆ. ಧರಿಸುವ ಮೊದಲು ಒಮ್ಮೆ ಒಗೆಯಬೇಕು. ಮೊದಲ ಪ್ರಯೋಗ ಮನೆಯಲ್ಲಿ, ಶಾಲೆಯಿಲ್ಲದ ದಿನ, ಸ್ರಾವ ಕಡಿಮೆಯಿರುವಾಗ ನಡೆಯಲಿ. ಬೆಳಿಗ್ಗೆ ಸಂಜೆ ಬದಲಾಯಿಸುವುದು ಕನಿಷ್ಠ ನಿಯಮ. ಹೆಚ್ಚು ಹೋಗುವ ದಿನ ಇನ್ನೂ ಬೇಗ ಬದಲಾಯಿಸಬೇಕು. ಅಂಥ ದಿನ ಶಾಲೆಗೆ ಹೋಗುವಾಗ ಜೊತೆಗೆ ಪ್ಯಾಡನ್ನೂ ಬಳಸುವುದು ತಪ್ಪಲ್ಲ. ಚೀಲದಲ್ಲಿ ಇನ್ನೊಂದು ಒಳಉಡುಪು, ನೀರು ಸೋರದ ಜಿಪ್ಪಿನ ಚೀಲವೊಂದು ಇರಬೇಕು.

ಒಗೆಯುವ ಕ್ರಮವೂ ಕಲಿಸಬೇಕಾದುದೇ. ಮೊದಲು ತಣ್ಣೀರು. ಬಿಸಿನೀರು ರಕ್ತದ ಕಲೆಯನ್ನು ಬಟ್ಟೆಗೆ ಕಚ್ಚಿಸುತ್ತದೆ. ನೀರು ತಿಳಿಯಾಗುವವರೆಗೆ ಒತ್ತಿ ಒತ್ತಿ ಹಿಂಡಬೇಕು. ಆಮೇಲೆ ಸೌಮ್ಯವಾದ ಸಾಬೂನಿನಿಂದ ಕೈಯಲ್ಲಿ ಒಗೆಯಬಹುದು, ಅಥವಾ ಉಳಿದ ಬಟ್ಟೆಗಳ ಜೊತೆಗೆ ಯಂತ್ರಕ್ಕೆ ಹಾಕಬಹುದು. ಬ್ಲೀಚ್ ಬೇಡ. ಬಟ್ಟೆ ಮೆದುಗೊಳಿಸುವ ದ್ರಾವಣವೂ ಬೇಡ, ಅದು ಎಳೆಗಳ ಮೇಲೆ ಪೊರೆಗಟ್ಟಿ ಹೀರುವ ಗುಣವನ್ನು ಕುಂದಿಸುತ್ತದೆ. ಇಸ್ತ್ರಿ ಹಾಕಿದರೆ ಸೋರಿಕೆ ತಡೆಯುವ ಪದರ ಹಾಳಾಗುತ್ತದೆ. ಮೊದಲ ಸಲ ತಾಯಿ ಮಗಳ ಪಕ್ಕದಲ್ಲಿ ನಿಂತು ಒಗೆದು ತೋರಿಸಲಿ. ಎರಡನೆಯ ಸಲ ಮಗಳು ಒಗೆಯಲಿ, ತಾಯಿ ನೋಡಲಿ. ಮೂರನೆಯ ಸಲ ತಾಯಿ ಅಲ್ಲಿರಬೇಕಾಗಿಲ್ಲ. ತಾಯಿ ಆಗ ಮೂಗು ಮುರಿಯದಿದ್ದರೆ ಮಗಳು ಜೀವನವಿಡೀ ಮೂಗು ಮುರಿಯುವುದಿಲ್ಲ.

ಇಷ್ಟು ಮಾಡಿದ ಮೇಲೂ ಒಂದು ಉಳಿಯುತ್ತದೆ, ಅದು ಒಣಗಿಸುವುದು. ಮೇಲಿನ ಮನೆಯ ತಾಯಿ ಸೋತಿರುವುದು ಇಲ್ಲಿಯೇ. ಹಲವು ಪದರಗಳ ಬಟ್ಟೆ ಬೇಗ ಒಣಗುವುದಿಲ್ಲ. ಗಾಳಿಯಾಡದ ಸ್ನಾನಗೃಹದಲ್ಲಿ, ಟವೆಲಿನ ಕೆಳಗೆ, ಅದೂ ಭಾದ್ರಪದದ ಮುಂಬಯಿಯ ಮಳೆಯಲ್ಲಿ ಅದು ಮಾರನೆಯ ದಿನವೂ ಹಸಿಯಾಗಿಯೇ ಇರುತ್ತದೆ. ಹಸಿಬಟ್ಟೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಬೇರೆ ದಾರಿಯಿಲ್ಲದ ಹುಡುಗಿ ಅದನ್ನೇ ಧರಿಸುತ್ತಾಳೆ. ತುರಿಕೆ ಬರುತ್ತದೆ, ವಾಸನೆ ಬರುತ್ತದೆ. ಆಗ ಮನೆಯವರು ಹೇಳುವ ಮಾತು ಸಿದ್ಧವಾಗಿಯೇ ಇರುತ್ತದೆ: ಈ ಹೊಸ ಫ್ಯಾಷನ್ನುಗಳು ನಮಗೆ ಆಗಿಬರುವುದಿಲ್ಲ. ಆಗಿಬಾರದ್ದು ಒಳಉಡುಪಲ್ಲ. ಅದಕ್ಕೆ ಗ್ಯಾಲರಿಯ ಹಗ್ಗದಲ್ಲಿ ಒಂದು ಗೇಣು ಜಾಗ ಕೊಡದ ಮನೆಯವರ ಮನಸ್ಸು. ತಂದೆಯ ಬನಿಯನ್ನು, ತಮ್ಮನ ಚಡ್ಡಿ ಅದೇ ಹಗ್ಗದಲ್ಲಿ ಎದುರು ಕಟ್ಟಡಕ್ಕೆಲ್ಲ ಕಾಣುವಂತೆ ತೂಗುತ್ತವೆ. ಅವುಗಳಿಗಿಲ್ಲದ ಮರ್ಯಾದೆಯ ಪ್ರಶ್ನೆ ಮಗಳ ಬಟ್ಟೆಗೆ ಮಾತ್ರ ಎಲ್ಲಿಂದ ಬಂದಿತು?

ಇದಕ್ಕೆ ಧರ್ಮದ ಉತ್ತರವಿದೆ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕದೆ ಧರ್ಮದ ನೆಲೆಯಲ್ಲಿಯೇ ಪರಿಶೀಲಿಸಬೇಕು.

ಮುಟ್ಟಿನ ರಕ್ತ ಅಶುಚಿ, ಆದ್ದರಿಂದ ಆ ಬಟ್ಟೆ ಮನೆಯ ಬಟ್ಟೆಗಳೊಡನೆ ಸೇರಬಾರದು ಎಂಬುದು ಮೊದಲ ಆಕ್ಷೇಪ. ಜೈನಧರ್ಮ ಅಶುಚಿಯ ಬಗ್ಗೆ ಮೌನವಾಗಿಲ್ಲ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅಶುಚಿತ್ವವೂ ಒಂದು. ಆದರೆ ಅದು ಚಿಂತಿಸಲು ಹೇಳುವುದು ಯಾವ ದೇಹವನ್ನು? ಸಕಲ ದೇಹವನ್ನು. ಗಂಡಿನದನ್ನು, ಹೆಣ್ಣಿನದನ್ನು, ಪ್ರವಚನಕಾರನದನ್ನು, ಕೇಳುಗನದನ್ನು. ತಿಂಗಳಲ್ಲಿ ಮೂರು ದಿನವಲ್ಲ, ಮೂವತ್ತು ದಿನವೂ. ದೇಹದ ಮೇಲಿನ ಮೋಹವನ್ನು ಬಿಡಿಸಲೆಂದು ಹೇಳಿದ ಭಾವನೆಯನ್ನು ಹದಿಮೂರು ವರ್ಷದ ಮಗುವಿನ ಮೇಲಿನ ಹೇಸಿಗೆಯನ್ನಾಗಿ ತಿರುಗಿಸಿಕೊಂಡವರು ಆ ಭಾವನೆಯನ್ನು ಒಂದು ದಿನವೂ ಭಾವಿಸಿದವರಲ್ಲ. ಬಸದಿಯ ಒಳಗಿನ ಆಚರಣೆ, ಮುನಿಗಳ ಆಹಾರದ ನಿಯಮ ಇವು ಬೇರೆಯೇ ಚರ್ಚೆಗೆ ಸೇರಿದವು. ಅವುಗಳನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಒಗೆಯುವ ಯಂತ್ರ ಬಸದಿಯಲ್ಲ. ಬಟ್ಟೆಯ ಹಗ್ಗ ಗರ್ಭಗೃಹವಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು, ಅದು ಅಹಿಂಸೆಯ ಹೆಸರಿನಲ್ಲಿ ಬರುತ್ತದೆ. ದೇಹದಿಂದ ಹೊರಬಿದ್ದ ರಕ್ತ ಮೊದಲಾದವುಗಳಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟುತ್ತವೆ. ಅವನ್ನು ನೆನೆಸಿ, ತಿಕ್ಕಿ, ಒಗೆಯುವುದು ಹಿಂಸೆ. ಎಸೆದುಬಿಡುವುದೇ ಮೇಲು ಎಂಬುದು ಆ ವಾದ. ಸಮ್ಮೂರ್ಛನ ಜೀವಗಳ ಮಾತನ್ನು ನಂಬುವವರು ಅದನ್ನು ಪೂರ್ತಿಯಾಗಿ ನಂಬಬೇಕು. ಹಸಿ ಇರುವವರೆಗೆ ಜೀವೋತ್ಪತ್ತಿ ನಡೆಯುತ್ತಲೇ ಇರುತ್ತದೆ ಎಂಬುದು ಅದೇ ನಂಬಿಕೆಯ ಇನ್ನೊಂದು ಭಾಗ. ಹಾಗಿದ್ದರೆ ರಕ್ತ ಹೀರಿದ ಪ್ಯಾಡನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಸದ ರಾಶಿಗೆ ಕಳಿಸಿದಾಗ ಏನಾಗುತ್ತದೆ? ವಾರಗಟ್ಟಲೆ ಅದು ಹಸಿಯಾಗಿಯೇ ಕೊಳೆಯುತ್ತದೆ. ಕಣ್ಣೆದುರಿನಿಂದ ಮರೆಯಾದುದು ಹಿಂಸೆಯಲ್ಲ, ಹಿಂಸೆಯ ನೋಟ ಮಾತ್ರ. ತಡಮಾಡದೆ ಸೋಸಿದ ನೀರಿನಲ್ಲಿ ಒಗೆದು, ಬೇಗನೆ ಬಿಸಿಲಿಗೆ ಹಾಕಿ ಒಣಗಿಸುವುದು ಯತ್ನಾಚಾರ. ನೀರನ್ನು ಸೋಸಿ ಕುಡಿಯುವುದನ್ನು ಲೋಕಕ್ಕೆ ಹೇಳಿಕೊಟ್ಟ ಸಮಾಜಕ್ಕೆ ಈ ಎಚ್ಚರವನ್ನು ಮತ್ತೆ ಹೊರಗಿನವರು ಕಲಿಸಬೇಕೆ?

ಆ ಕಸದ ರಾಶಿಯಲ್ಲಿ ಸಮ್ಮೂರ್ಛನ ಜೀವಗಳಷ್ಟೇ ಅಲ್ಲ, ಪಂಚೇಂದ್ರಿಯಗಳುಳ್ಳ, ಮನಸ್ಸುಳ್ಳ ಮನುಷ್ಯರೂ ಇದ್ದಾರೆ. ಪುಣೆಯಲ್ಲಿ ಮನೆಮನೆಯ ಕಸ ಸಂಗ್ರಹಿಸುವ 'ಸ್ವಚ್ಛ್' ಸಹಕಾರಿಯ ಕಾರ್ಮಿಕರಲ್ಲಿ ಹೆಚ್ಚಿನವರು ಮಹಿಳೆಯರು. ಬಳಸಿದ ಪ್ಯಾಡುಗಳನ್ನು ಬರಿಗೈಯಲ್ಲಿ ಬೇರ್ಪಡಿಸಬೇಕಾದ ಅವಮಾನದ ವಿರುದ್ಧ ಅವರು ದನಿಯೆತ್ತಬೇಕಾಯಿತು. ಪ್ಯಾಡನ್ನು ಕಾಗದದಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಇಡಿ ಎಂದು ನಾಗರಿಕರನ್ನು ಕೇಳಿಕೊಳ್ಳಬೇಕಾಯಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸುತ್ತಿ ಕೊಡುವ ಹೊಣೆಯನ್ನು ಮನೆಗಳ ಮೇಲೆ, ಸುತ್ತಲು ಬೇಕಾದ ಚೀಲ ಒದಗಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದವು. ಅದನ್ನು ಪಾಲಿಸಿದವರೆಷ್ಟು ಎಂಬುದನ್ನು ಪ್ರತಿಯೊಂದು ಕಟ್ಟಡದ ಕಸದ ಡಬ್ಬಿಯೇ ಹೇಳುತ್ತದೆ. ತನ್ನ ಮನೆಯ ಮಗಳ ಬಟ್ಟೆಯನ್ನು ನೋಡಲಾಗದ ಗೃಹಸ್ಥ ತನ್ನ ಮನೆಯ ಪ್ಯಾಡನ್ನು ಪರರ ಮಗಳ ಕೈಗೆ ಇಡುತ್ತಾನೆ. ಇದನ್ನು ಯಾವ ಅಣುವ್ರತದಡಿ ಬರೆದುಕೊಳ್ಳಬೇಕು?

ಇನ್ನು ಹಣದ ಲೆಕ್ಕ. ಇದನ್ನು ಪ್ರಾಮಾಣಿಕವಾಗಿ ಹಾಕಬೇಕು, ಏಕೆಂದರೆ ಇಂಥ ಒಳಉಡುಪುಗಳನ್ನು ಮಾರುವವರ ಜಾಹೀರಾತುಗಳು ಭಾರೀ ಉಳಿತಾಯದ ಆಸೆ ತೋರಿಸುತ್ತವೆ. ತಿಂಗಳಿಗೆ 15 ಪ್ಯಾಡು, ಒಂದಕ್ಕೆ 8 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 1,440 ರೂಪಾಯಿ. ಎರಡು ವರ್ಷಕ್ಕೆ 2,880. ಒಂದಕ್ಕೆ 500 ರೂಪಾಯಿಯಂತೆ ಐದು ಒಳಉಡುಪುಗಳಿಗೆ 2,500. ಚೆನ್ನಾಗಿ ನೋಡಿಕೊಂಡರೆ ಅವು ಎರಡು ವರ್ಷ ಬಾಳುತ್ತವೆ. ಉಳಿತಾಯ 380 ರೂಪಾಯಿ. ಅದರಲ್ಲಿಯೂ ಸಾಬೂನಿನ ಖರ್ಚು ಕಳೆಯಬೇಕು. ಜನೌಷಧಿ ಕೇಂದ್ರಗಳಲ್ಲಿ 2019ರಿಂದ ಒಂದು ರೂಪಾಯಿಗೆ ಒಂದು ಪ್ಯಾಡು ಸಿಗುತ್ತಿದೆ. ಆ ದರದಲ್ಲಿ ಎರಡು ವರ್ಷದ ಖರ್ಚು 360 ರೂಪಾಯಿ ಮಾತ್ರ. ಆದ್ದರಿಂದ ಹಣ ಉಳಿಯುತ್ತದೆಂದು ಇದನ್ನು ಕೊಡಿಸಬೇಕಾಗಿಲ್ಲ. ಈ ಲೆಕ್ಕದ ಪುಟದಲ್ಲಿ ಎಲ್ಲಿಯೂ ಕಾಣಿಸದ ಒಂದು ಬಾಬತ್ತಿದೆ: ಒಬ್ಬ ಹುಡುಗಿಯ ಹೆಸರಿನಲ್ಲಿ ಎರಡು ವರ್ಷಕ್ಕೆ ಕಸಕ್ಕೆ ಸೇರುವ 360 ಪ್ಯಾಡುಗಳು. ಅವುಗಳ ವೆಚ್ಚವನ್ನು ತೆರುವವರು ಕೊಂಡವರಲ್ಲ. ಅಪರಿಗ್ರಹದ ಪ್ರಶ್ನೆ ಇರುವುದು ಅಲ್ಲಿ.

ಸರ್ಕಾರದ ಲೆಕ್ಕದಲ್ಲಿಯೂ ಒಂದು ಕುರುಡಿದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಸ್ಯಾನಿಟರಿ ಪ್ಯಾಡುಗಳ ಮೇಲೆ ಶೇಕಡಾ 12 ತೆರಿಗೆ ಹೇರಲಾಗಿತ್ತು. ಮಹಿಳೆಯರ ಪ್ರತಿಭಟನೆಯ ಬಳಿಕ, 2018ರ ಜುಲೈಯಲ್ಲಿ ಅದನ್ನು ತೆಗೆಯಲಾಯಿತು. ಆದರೆ ಅಂದಿನ ವಿನಾಯಿತಿ ಹೆಸರಿಸಿದ್ದು ಪ್ಯಾಡು, ನ್ಯಾಪ್‌ಕಿನ್ ಮತ್ತು ಟ್ಯಾಂಪೂನುಗಳನ್ನು. ಮುಟ್ಟಿನ ಒಳಉಡುಪಿನ ಹೆಸರು ಅದರಲ್ಲಿ ಬರಲಿಲ್ಲ. ಇತ್ತ ಭಾರತೀಯ ಮಾನಕ ಬ್ಯೂರೋ ಮರುಬಳಕೆಯ ಪ್ಯಾಡುಗಳಿಗೂ ಇಂಥ ಒಳಉಡುಪುಗಳಿಗೂ 2021ರಲ್ಲಿಯೇ ಮಾನಕವನ್ನು ಪ್ರಕಟಿಸಿದೆ. ಒಂದು ಇಲಾಖೆ ಆರೋಗ್ಯದ ವಸ್ತುವೆಂದು ಗುರುತಿಸಿದ್ದನ್ನು ಇನ್ನೊಂದು ಇಲಾಖೆ ಹೆಸರಿಸಲು ಮರೆಯುತ್ತದೆ. ವಿನಾಯಿತಿಯ ಪಟ್ಟಿಗೆ ಒಂದೇ ಸಾಲನ್ನು ಸೇರಿಸಿ ಎಂದು ಜೈನ ವರ್ತಕ ಸಂಘಗಳು ಕೇಳಬಹುದು. ತೆರಿಗೆಯ ಪ್ರತಿಯೊಂದು ಬದಲಾವಣೆಗೂ ಮನವಿಪತ್ರ ಬರೆಯುವ ಸಂಘಗಳಿಗೆ ಇದೊಂದು ಮನವಿ ಹೊರೆಯಾಗಲಾರದು. ಬರೆಯಲು ಅಡ್ಡಬರುವುದು ಮನವಿಯ ವಿಷಯವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕೆಂಬ ಸಂಕೋಚ ಮಾತ್ರ.

ವಸ್ತುವನ್ನು ಹೊಗಳುವ ಭರದಲ್ಲಿ ಎಚ್ಚರ ತಪ್ಪಬಾರದು. ಅಮೆರಿಕದಲ್ಲಿ ಇಂಥ ಒಳಉಡುಪು ತಯಾರಿಸುವ ಕಂಪನಿಯೊಂದು, ತನ್ನ ಬಟ್ಟೆಯಲ್ಲಿ ಪಿಎಫ್ಎಎಸ್ ಎಂಬ ಹಾನಿಕಾರಕ ರಾಸಾಯನಿಕಗಳಿದ್ದವೆಂಬ ಮೊಕದ್ದಮೆಯನ್ನು 2023ರಲ್ಲಿ ರಾಜಿಯಲ್ಲಿ ಮುಗಿಸಿಕೊಂಡಿತು. ಬಟ್ಟೆಯಲ್ಲಿ ಏನಿದೆ ಎಂದು ತಯಾರಕರನ್ನು ಕೇಳುವುದು ಕೊಳ್ಳುವವರ ಹಕ್ಕು. ಒಂದೆರಡು ಗಂಟೆಗೊಮ್ಮೆ ಪ್ಯಾಡು ತೊಯ್ದುಹೋಗುವಷ್ಟು ಸ್ರಾವವಿದ್ದರೆ, ಏಳು ದಿನಕ್ಕೂ ಮೀರಿದರೆ, ಆಗ ಬೇಕಾದುದು ಬೇರೆ ಒಳಉಡುಪಲ್ಲ, ವೈದ್ಯರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆಯಿದೆ. ಇನ್ನು, ಮಗಳಿಗೆ ಒಗೆಯುವುದು ಬೇಡವೆನಿಸಿದರೆ, ಪ್ಯಾಡೇ ಸಾಕೆನಿಸಿದರೆ, ಅದು ಅವಳ ನಿರ್ಧಾರ. ಪರಿಸರದ ಹೆಸರಿನಲ್ಲಿ, ವ್ರತದ ಹೆಸರಿನಲ್ಲಿ ಅವಳ ಮೇಲೆ ಇನ್ನೊಂದು ಕಟ್ಟುಪಾಡು ಹೇರುವುದು ಸುಧಾರಣೆಯಲ್ಲ. ಹೊರಗೆ ಕೂರಿಸಿದವರೂ ಅವಳನ್ನು ಕೇಳದೆಯೇ ಕೂರಿಸಿದ್ದರು.

ಇಷ್ಟು ಹೊತ್ತು ತಾಯಿಯ ಕುರಿತೇ ಮಾತಾಯಿತು. ತಂದೆ ಎಲ್ಲಿದ್ದಾನೆ? ಆದಿನಾಥ ತನ್ನ ಮಗಳು ಬ್ರಾಹ್ಮಿಗೆ ಲಿಪಿಯನ್ನು, ಸುಂದರಿಗೆ ಅಂಕೆಗಳನ್ನು ಕಲಿಸಿದನೆಂಬ ಕಥೆಯನ್ನು ಜೈನರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಪರಂಪರೆಯ ಮೊದಲ ಪಾಠ ತಂದೆ ತನ್ನ ಹೆಣ್ಣುಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹೇಳಿದ ಪಾಠ. ಅದೇ ಪರಂಪರೆಯ ಇಂದಿನ ತಂದೆ ಮಗಳ ಕೋಚಿಂಗ್ ತರಗತಿಗೆ ಲಕ್ಷ ರೂಪಾಯಿ ತೆರುತ್ತಾನೆ. ಔಷಧಿ ಅಂಗಡಿಯಲ್ಲಿ ಒಂದು ಪ್ಯಾಡಿನ ಪೊಟ್ಟಣ ಕೇಳಲು ನಾಚುತ್ತಾನೆ. ಮಗಳು ತನ್ನಿಂದ ಬಚ್ಚಿಡುತ್ತಿದ್ದಾಳೆಂದು ತಿಳಿದೂ ತಿಳಿಯದವನಂತಿರುತ್ತಾನೆ. ಆ ನಟನೆಯನ್ನೇ ಸಭ್ಯತೆ ಎಂದು ಕರೆಯಲಾಗಿದೆ. ಅವನು ಭಾಷಣ ಮಾಡಬೇಕಾಗಿಲ್ಲ. ಗ್ಯಾಲರಿಯಲ್ಲಿ ಇನ್ನೊಂದು ಹಗ್ಗ ಕಟ್ಟಿದರೆ ಸಾಕು. ಮಳೆಗಾಲಕ್ಕೆ ಫ್ಯಾನಿನ ಕೆಳಗೆ ಮಡಚುವ ಸ್ಟ್ಯಾಂಡೊಂದನ್ನು ತಂದಿಟ್ಟರೆ ಸಾಕು. ಮಗ ಅದೇನೆಂದು ಕೇಳಿದಾಗ, ಅಕ್ಕನ ಬಟ್ಟೆ, ಒಣಗಲಿ ಎಂದರೆ ಸಾಕು. ಗಂಡುಮಗನಿಗೆ ಅದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಅಜ್ಜಿಯನ್ನು ಶತ್ರುವೆಂದು ಕಾಣುವುದೂ ತಪ್ಪು. ಹಳೆಯ ಸೀರೆಯ ತುಂಡುಗಳನ್ನು ಮಡಿಸಿ, ಒಗೆದು, ಬಿಸಿಲಿಗೂ ಹಾಕಲಾಗದೆ ಕೊಟ್ಟಿಗೆಯ ಮೂಲೆಯಲ್ಲಿ ಒಣಗಿಸಿಕೊಂಡ ತಲೆಮಾರು ಅದು. ಅದೇ ಸಮೀಕ್ಷೆಯಲ್ಲಿ 15ರಿಂದ 24ರ ವಯಸ್ಸಿನವರ ಪೈಕಿ ಅರ್ಧದಷ್ಟು ಮಂದಿ ತಾವು ಈಗಲೂ ಬಟ್ಟೆ ಬಳಸುತ್ತೇವೆಂದು ಹೇಳಿದ್ದಾರೆ. ಒಗೆದು ಬಳಸುವುದರಲ್ಲಿ ಹೊಸತೇನೂ ಇಲ್ಲ; ಹೊಸದಾಗಿ ಬರಬೇಕಾದುದು ಬಿಸಿಲು. ಈ ಮಾತನ್ನು ಅಜ್ಜಿಗೆ ಮಗಳೇ ಹೇಳಿದರೆ, ತನಗೆ ಸಿಗದುದು ಮೊಮ್ಮಗಳಿಗೆ ಸಿಗಲೆಂದು ಆಕೆ ಎಲ್ಲರಿಗಿಂತ ಮೊದಲು ಹಗ್ಗ ಹಿಡಿದಾಳು.

ಮನೆಗಳಿಗೆ ಹೇಳಿದ್ದು ಸಮಾಜದ ವಿದ್ಯಾರ್ಥಿನಿಲಯಗಳಿಗೂ ಸಲ್ಲುತ್ತದೆ. ಜೈನ ದಾನಿಗಳ ಹೆಸರುಗಳನ್ನು ಅಮೃತಶಿಲೆಯಲ್ಲಿ ಕೊರೆಸಿದ ಹಾಸ್ಟೆಲುಗಳಲ್ಲಿ ಹುಡುಗಿಯರ ಬಟ್ಟೆ ಒಣಗಿಸಲು ಬಿಸಿಲು ಬೀಳುವ, ಆದರೆ ಯಾರೂ ಇಣುಕದ ತಾರಸಿ ಇದೆಯೇ? ಒಗೆಯಲು ಬಾಗಿಲು ಹಾಕಿಕೊಳ್ಳಬಹುದಾದ, ನೀರಿರುವ ಜಾಗವಿದೆಯೇ? ಮಹಿಳಾ ದಿನದಂದು ಪ್ಯಾಡಿನ ಪೊಟ್ಟಣ ಹಂಚಿ ಛಾಯಾಚಿತ್ರ ತೆಗೆಸಿಕೊಳ್ಳುವುದು ಸುಲಭ. ಇದ್ದ ಕಟ್ಟಡದಲ್ಲಿ ಒಂದು ತಾರಸಿಯ ಬೀಗ ತೆಗೆಸುವುದು ಅದಕ್ಕಿಂತ ಅಗ್ಗ, ಆದರೆ ಅದಕ್ಕೆ ಶಿಲಾಫಲಕವಿಲ್ಲ.

ಪರ್ವ ಮುಗಿದ ಮೇಲೆ ಕ್ಷಮಾವಾಣಿ ಬರುತ್ತದೆ. ಅಂದು ಆ ಶ್ರಾವಕ ಬಸದಿಯಲ್ಲಿ ಎಲ್ಲರಿಗೂ ಕೈಮುಗಿದು, ಅರಿತೋ ಅರಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎನ್ನುತ್ತಾನೆ. ಊರಿನ ಬಂಧುಗಳಿಗೆಲ್ಲ ವಾಟ್ಸ್ಆ್ಯಪಿನಲ್ಲಿ ಅದೇ ಸಂದೇಶ ಹೋಗುತ್ತದೆ. ಮನೆಗೆ ಬಂದು ಮಗಳಿಗೂ ಆ ಮಾತನ್ನು ಹೇಳಲಿ. ಹೇಳಿದ ಮೇಲೆ ಸ್ನಾನಗೃಹದ ಬಾಗಿಲ ಹಿಂದಿನ ಮೊಳೆಯನ್ನು ಕಿತ್ತು, ಅದನ್ನು ಗ್ಯಾಲರಿಯ ಗೋಡೆಗೆ ಹೊಡೆಯಲಿ.